ರಾಣಿಯ ಜೊಲ್ಲು, ನಮ್ಮಿಬ್ಬರ ಹೊಟ್ಟೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಹುಚ್ಚುನಾಯಿ ರೋಗ ಹೇಗೆ ಬರುತ್ತದೆ, ಯಾಕೆ ಬರುತ್ತದೆ ಅಂತ ತಿಳಿಯಬೇಕಾದವರು ಬಲ್ಲವರನ್ನು ಕೇಳಿ. ನನಗೆ ಗೊತ್ತಿರುವುದು ಬೇರೆ. ನಿನ್ನೆಯವರೆಗೆ ಚೆನ್ನಾಗಿದ್ದ ನಿಮ್ಮ ನಾಯಿ ಇದ್ದಕ್ಕಿದ್ದಂತೆ ವಾಂತಿ ಮಾಡಿ, ಬಾಯಿಂದ ಜೊಲ್ಲು ಸುರಿಸುತ್ತ ನಿಮ್ಮನ್ನೇ ನೋಡುತ್ತಿದೆ. ಬೀದಿಯವರೆಲ್ಲ ಗೇಟಿನ ಮುಂದೆ ನಿಂತು ‘ಅದನ್ನ ಮುಗಿಸಿಬಿಡಿ’ ಅನ್ನುತ್ತಿದ್ದಾರೆ. ಆಗ ಎದೆಯೊಳಗೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು. ಆವತ್ತು ಆ ಗುಂಪಿನಲ್ಲಿ ಒಬ್ಬರಾದರೂ ‘ನಮ್ಮನೇಲೂ ಹೀಗಾಗಿತ್ತು, ಹೆದರಬೇಡ’ ಅಂದಿದ್ದರೆ ನನಗೆ ಹೋದ ಜೀವ ಬರುತ್ತಿತ್ತು. ಯಾರೂ ಅನ್ನಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಭದ್ರಾವತಿಯ ಕಾಗದನಗರದಲ್ಲಿ, ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿದ್ದೆವು. ಯಜಮಾನರಿಗೆ ಅಲ್ಲೇ ಶಿಫ್ಟ್ ಕೆಲಸ. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ, ಆಮೇಲೆ ರಾಣಿ. ರಾಣಿ ಅಂದರೆ ದೊಡ್ಡ ಜಾತಿಯ ನಾಯಿ ಅಂದುಕೊಳ್ಳಬೇಡಿ, ಅಪ್ಪಟ ಬೀದಿಯವಳು. ಒಂದು ದಿನ ನಮ್ಮ ನೀರಿನ ತೊಟ್ಟಿಯ ಹಿಂದೆ ಬಂದು ಮಲಗಿದ ಮರಿ, ಏಳಿಸಿದರೂ ಹೋಗಲಿಲ್ಲ, ಓಡಿಸಿದರೂ ಹೋಗಲಿಲ್ಲ. ಆ ಹಟ ನೋಡಿಯೇ ಅವಳಿಗೆ ರಾಣಿ ಅಂತ ಹೆಸರಿಟ್ಟೆ.

ಅತ್ತೆಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ನಡುಮನೆಗೆ ನಾವೇ ಹೆಜ್ಜೆ ಸಪ್ಪಳ ಮಾಡದೆ ಓಡಾಡಬೇಕು. ಅಂಥದ್ದರಲ್ಲಿ ನಾಯಿ! “ಅದು ಹೊಸ್ತಿಲು ದಾಟಿದ ದಿನ ನಾನು ಊರಿಗೆ ಹೊರಟೆ ನೋಡು ಗಿರಿಜಾ” ಅನ್ನುತ್ತಿದ್ದರು. ಇದನ್ನು ನನಗೊಬ್ಬಳಿಗೆ ಹೇಳಿದ್ದರೆ ಬೇರೆ ಮಾತು. ನಲ್ಲಿ ಹತ್ತಿರ, ಸೊಸೈಟಿ ಸಾಲಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಹೀಗಾಗಿ ನಮ್ಮನೆ ಅಜ್ಜಿಗೂ ನಾಯಿಗೂ ಎಣ್ಣೆ ಸೀಗೇಕಾಯಿ ಅಂತ ನಮ್ಮ ಕ್ವಾರ್ಟರ್ಸಿನ ಲೈನಿಗೆಲ್ಲ ಗೊತ್ತಿತ್ತು.

ಆವತ್ತು ಯಜಮಾನರು ಮೊದಲ ಶಿಫ್ಟಿಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಈಳಿಗೆ ಮಣೆಯಲ್ಲಿ ಕಾಯಿ ತುರಿಯುವಾಗ ಬೆರಳು ಕೊಯ್ದುಕೊಂಡಿದ್ದೆ. ಅದಕ್ಕೆ ಅರಿಶಿನ ಒತ್ತಿ ಹಿಡಿದು ನಿಂತಿದ್ದಾಗ ಹಿತ್ತಿಲಿನಿಂದ ಓಕರಿಕೆಯ ಸದ್ದು ಬಂತು. ಹೋಗಿ ನೋಡಿದರೆ ರಾಣಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ವಾಂತಿ ಮಾಡುತ್ತಿದ್ದಳು. ನಾಯಿಗಳು ಹುಲ್ಲು ತಿಂದು ಕಕ್ಕುವುದು ಇದ್ದದ್ದೇ ಅಂದುಕೊಂಡೆ. ಇನ್ನೊಮ್ಮೆ ಆಯಿತು, ಮತ್ತೊಮ್ಮೆ ಆಯಿತು, ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಓಕರಿಕೆ ನಿಲ್ಲಲಿಲ್ಲ. ಆಮೇಲೆ ಜೊಲ್ಲು ಶುರುವಾಯಿತು. ನಾಯಿಯ ಜೊಲ್ಲು ನಾನೇನು ನೋಡಿಲ್ಲದ್ದಲ್ಲ, ನಾನು ಊಟಕ್ಕೆ ಕೂತರೆ ಎದುರಿಗೆ ಕೂತು ಸುರಿಸುತ್ತಿದ್ದಳು. ಇದು ಅಂಥದ್ದಲ್ಲ. ದವಡೆಯ ಎರಡೂ ಕಡೆಯಿಂದ ಎಳೆ ಎಳೆಯಾಗಿ ಇಳಿದು ನೆಲ ಮುಟ್ಟುತ್ತಿತ್ತು. ಹಿಂಗಾಲು ಗಡಗಡ ನಡುಗುತ್ತಿದ್ದವು. ನನ್ನನ್ನು ಕಂಡು ಬಾಲ ಆಡಿಸಲು ನೋಡಿದಳು, ಆಗಲಿಲ್ಲ, ಕುಸಿದು ಕೂತಳು. 

ಗಂಟಲಲ್ಲಿ ಮೂಳೆ ಸಿಕ್ಕಿರಬಹುದು ಅಂತ ಅವಳ ಬಾಯಿ ಬಿಡಿಸಿ ಬೆರಳು ಹಾಕಿ ತಡಕಿದೆ. ಮೂಳೆ ಇರಲಿಲ್ಲ. ನನ್ನ ಕೈ ಮೊಣಕೈವರೆಗೂ ಜೊಲ್ಲಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಸೆಲ್ವಿ ಕಾಂಪೌಂಡಿನ ಆಚೆಯಿಂದ ನೋಡಿದಳು.

“ಅಯ್ಯೋ ಅಕ್ಕಾ, ಕೈ ತೆಗೀರಿ! ಅದಕ್ಕೆ ಹುಚ್ಚು ಹಿಡಿದೈತೆ!”

ಸೆಲ್ವಿ ಕೂಗಿದರೆ ಕಾರ್ಖಾನೆಯ ಸೈರನ್ ಬೇಕಾಗಿಲ್ಲ. ನಾನು ಕೈ ತೊಳೆದು, ರಾಣಿಯನ್ನು ಮುಂದಿನ ಅಂಗಳಕ್ಕೆ ಕರೆತಂದು ಸರಪಳಿಗೆ ಕಟ್ಟಿ ಗೇಟಿಗೆ ಬರುವಷ್ಟರಲ್ಲಿ ಅರ್ಧ ಲೈನು ಅಲ್ಲಿ ಸೇರಿತ್ತು. ಎಲ್ಲರಿಗಿಂತ ಮುಂದೆ ನಂಜುಂಡಪ್ಪನವರು. ನಮ್ಮ ಲೈನಿನಲ್ಲಿ ನಲ್ಲಿ ಕೆಟ್ಟರೂ, ಲೈಟು ಹೋದರೂ ಮುಂದೆ ನಿಲ್ಲುವವರು ಅವರೇ. ಕೈಯಲ್ಲೊಂದು ದೊಣ್ಣೆ ಇತ್ತು. ಹಿಂದೆ ನಿಂತಿದ್ದ ಮೂರ್ನಾಲ್ಕು ಗಂಡಸರ ಕೈಯಲ್ಲೂ ಇತ್ತು.

“ಗಿರಿಜಮ್ಮಾ, ನೀವು ಒಳಗೆ ಹೋಗಿ. ನಾವು ನೋಡ್ಕೊಳ್ತೀವಿ.”

“ಏನ್ ನೋಡ್ಕೊಳ್ತೀರಿ ನಂಜುಂಡಪ್ಪನವ್ರೇ?”

“ಇನ್ನೇನು? ಮಕ್ಕಳು ಸ್ಕೂಲಿಂದ ಬರೋದ್ರೊಳಗೆ ಮುಗಿಸಬೇಕು.”

“ನಿಮ್ಮನೆ ಮಕ್ಕಳಿಗೆ ವಾಂತಿ ಆದ್ರೂ ದೊಣ್ಣೆ ತಗೊಂಡು ಬರ್ತೀರಾ?”

ಹೀಗೆ ಅಂದಿದ್ದಕ್ಕೆ ಅವರು ರೇಗಬಹುದು ಅಂದುಕೊಂಡಿದ್ದೆ. ರೇಗಲಿಲ್ಲ. “ಮಾತಿಗೆ ಮಾತು ಬೇಡ ಅಮ್ಮಾ. ಜನ್ನಾಪುರದಲ್ಲಿ ನಮ್ಮ ಷಡ್ಡಕನ ಮಗಳು ನಾಯಿ ಕಚ್ಚಿ ಹೋಯ್ತಲ್ಲ, ಕೊನೆ ದಿನ ನಾನು ಪಕ್ಕದಲ್ಲಿದ್ದೆ. ನೀರು ತೋರಿಸಿದ್ರೆ ಕಿರುಚ್ತಿತ್ತು ಆ ಮಗು. ನೀವು ನೋಡಿಲ್ಲ, ನಾನು ನೋಡಿದೀನಿ” ಅಂದರು.  ಅದು ನಾಟಕ ಆಗಿರಲಿಲ್ಲ. 

ಆದರೂ ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. “ನೀರಿಗೆ ಹೆದರೋದು ತಾನೇ ನಿಮ್ಮ ಲೆಕ್ಕ? ಇರಿ ತೋರಿಸ್ತೀನಿ” ಅಂತ ಒಂದು ಬೋಗುಣಿ ನೀರು ತಂದು ಎಲ್ಲರೆದುರಿಗೆ ರಾಣಿಯ ಮುಂದಿಟ್ಟೆ. ರಾಣಿ ನೀರನ್ನು ಮೂಸಿದಳು. ಮೂಸಿದ್ದೇ ಓಕರಿಕೆ ಬಂದು ಮುಖ ತಿರುಗಿಸಿ ಹಿಂದಕ್ಕೆ ಜಗ್ಗಿದಳು. ಗೇಟಿನ ಆಚೆ ಹೋ ಅಂತ ಕೂಗು ಎದ್ದಿತು. “ನೋಡಿದ್ರಾ? ನೋಡಿದ್ರಾ?” ನನ್ನ ಕೈಯಾರೆ ನಾನೇ ಅವಳ ಮೇಲೆ ಕಲ್ಲು ಹಾಕಿದ ಹಾಗಾಯಿತು.

ಆಗ ನನಗೆ ನಿಜವಾಗಿ ಭಯವಾಯಿತು. ಹುಚ್ಚೇ ಹಿಡಿದಿದ್ದರೆ? ಬೆರಳಿನ ಗಾಯ ಚುರುಚುರು ಅನ್ನುತ್ತಿತ್ತು. ಆದರೆ ಏನಾಗಿದೆ ಅಂತ ಗೊತ್ತಿಲ್ಲದೆ, ನನ್ನ ಕೈಯಲ್ಲಿ ಅನ್ನ ತಿಂದ ಪ್ರಾಣಿಯನ್ನು ನಾಲ್ಕು ಜನರ ದೊಣ್ಣೆಗೆ ಕೊಟ್ಟು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುವ ಹೆಂಗಸು ನಾನಲ್ಲ. ಗೇಟಿಗೆ ಅಡ್ಡ ನಿಂತೆ. “ಡಾಕ್ಟ್ರು ನೋಡ್ಲಿ. ಹುಚ್ಚು ಅಂತ ಅವರು ಹೇಳಿದ್ರೆ ಇದು ಈ ಗೇಟೊಳಗೆ ವಾಪಸ್ ಬರಲ್ಲ. ಅಲ್ಲೀತನಕ ಯಾರಾದ್ರೂ ಇದರ ಮೈ ಮುಟ್ಟಿದ್ರೆ ಮೊದಲು ನನ್ನ ಮೈ ಮುಟ್ಟಬೇಕಾಗುತ್ತೆ” ಅಂದೆ.

ಭದ್ರಾವತಿಯ ದನದ ಡಾಕ್ಟರು ಆವತ್ತು ಹಳ್ಳಿಯ ಕಡೆ ಹೋಗಿದ್ದಾರೆ ಅಂತ ಗುಂಪಿನಲ್ಲೇ ಯಾರೋ ಹೇಳಿದರು. ಅಂದರೆ ಶಿವಮೊಗ್ಗಕ್ಕೇ ಹೋಗಬೇಕು. ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಎಲ್ಲಿಂದ ತರಲಿ? ಆಗ ಸೆಲ್ವಿಯೇ, ಬೆಳಿಗ್ಗೆ ಬೀದಿ ಕೂಡಿಸಿದ ಆ ಸೆಲ್ವಿಯೇ, ತಮ್ಮನ ಲಗೇಜ್ ಆಟೋ ಕರೆಸಿದಳು. “ಕಿರುಚಿದ್ದು ನಾನೇ ಅಲ್ವಾ ಅಕ್ಕಾ” ಅಂದಳು, ಅಷ್ಟೇ. ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ರಾಣಿಯನ್ನು ಗೋಣಿತಾಟಿನಲ್ಲಿ ಸುತ್ತಿ ಆಟೋದ ಹಿಂದೆ ಮಲಗಿಸಿ ಹತ್ತುತ್ತಿದ್ದೆ. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಚಪ್ಪಲಿ ಮೆಟ್ಟಿದ್ದರು, ಸೆರಗು ತಲೆಯ ಮೇಲೆ ಹೊದ್ದಿದ್ದರು.

“ಸರಿ ಆಚೆ. ನಾನೂ ಬರ್ತೀನಿ.”

“ನೀವ್ಯಾಕೆ ಅತ್ತೆ?”

“ಬರ್ತೀನಿ ಅಂದೆನಲ್ಲ ಮಾರಾಯ್ತಿ. ಕೈ ಕೊಡು.”

ದಾರಿಯುದ್ದಕ್ಕೂ ಆಟೋದ ಪಕ್ಕದ ಕಂಬಿ ಹಿಡಿದು, ರಾಣಿಯ ಹೊಟ್ಟೆ ಏರಿ ಇಳಿಯುವುದನ್ನೇ ನೋಡುತ್ತ ಕೂತಿದ್ದರು. ಆಟೋ ಗುಂಡಿಗೆ ಬಿದ್ದಾಗಲೆಲ್ಲ ರಾಣಿ ನರಳುತ್ತಿದ್ದಳು, ಅತ್ತೆ “ಶಿವಾ” ಅನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಒಮ್ಮೆ ಮಾತ್ರ “ಸಾಯುತ್ತಾ ಇದು?” ಅಂತ ಕೇಳಿದರು. “ಹಾಗನ್ನಬೇಡಿ ಅತ್ತೆ” ಅಂದೆ. 

ಶಿವಮೊಗ್ಗದ ಪಶು ಆಸ್ಪತ್ರೆಯಲ್ಲಿ ಕುರ್ಚಿ ಬೆಂಚು ಅಂತ ಏನೂ ಇರಲಿಲ್ಲ, ಹೊಂಗೆ ಮರದ ಕೆಳಗೆ ಕಾಯಬೇಕು. ಕೊಂಬು ಮುರಿದ ಎತ್ತು, ಹೊಟ್ಟೆಯುಬ್ಬರದ ಆಡು, ಬುಟ್ಟಿಯಲ್ಲಿ ತೂಕಡಿಸುವ ಕೋಳಿಗಳು. ನಾವು ರಾಣಿಯನ್ನು ಇಳಿಸಿದ್ದೇ ತಡ, ಜನ ತಮ್ಮ ತಮ್ಮ ಹಗ್ಗ ಎಳೆದುಕೊಂಡು ದೂರ ಸರಿದರು. ಸರಿಯದವಳು ಒಬ್ಬಳೇ, ಎಮ್ಮೆ ಹಿಡಿದುಕೊಂಡು ಕೂತಿದ್ದ ಒಬ್ಬ ಹೆಂಗಸು. “ನಮ್ಮ ಎಮ್ಮೇನೂ ಕಾಲುಬಾಯಿ ಜ್ವರ ಬಂದಾಗ ಹಿಂಗೇ ಸುರಿಸ್ತಿತ್ತು. ಎಲ್ರೂ ಹೋಯ್ತು ಅಂದ್ರು. ಇಕಾ, ಇಲ್ಲೇ ನಿಂತದೆ” ಅಂದಳು. ಎಮ್ಮೆ ಬೇರೆ, ನಾಯಿ ಬೇರೆ ಅಂತ ನನಗೂ ಗೊತ್ತು. ಆದರೂ ಆ ಮಾತಿಗೆ ನನಗೆ ಅಳು ಬಂತು.

ಡಾಕ್ಟರು ಚಿಕ್ಕ ವಯಸ್ಸಿನವರು. ದೂರದಿಂದಲೇ ನೋಡಿದರು, ಆಮೇಲೆ ಕೈಗವಸು ಹಾಕಿಕೊಂಡು ಹತ್ತಿರ ಬಂದರು.

“ಯಾವುದಾದ್ರೂ ನಾಯಿ ಕಚ್ಚಿತ್ತಾ ಇದಕ್ಕೆ?”

“ನನಗೆ ಗೊತ್ತಿದ್ದ ಹಾಗೆ ಇಲ್ಲ.”

“ಎರಡು ಮೂರು ದಿನದಿಂದ ಮೂಲೆ ಸೇರೋದು, ಸಿಡುಕೋದು?”

“ನಿನ್ನೆ ಸಂಜೆ ನನ್ನ ಚಪ್ಪಲಿ ಕಚ್ಕೊಂಡು ಬೀದಿ ತುಂಬ ಓಡಾಡಿದೆ ಸಾರ್.”

“ಏನು ತಿಂದಿದೆ? ಇಲಿ ಪಾಷಾಣ ಗಿಷಾಣ?”

“ಮನೇಲಿ ಅದೆಲ್ಲ ಇಲ್ಲ. ಬೆಳಿಗ್ಗೆ ನಾನಿನ್ನೂ ಏನೂ ಹಾಕಿರಲಿಲ್ಲ.”

ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. ಬಾಯಿಗೆ ಕೈ ಹಾಕಿದ್ರಾ ಅಂತ ಕೇಳಿದರು. ಹೌದು ಅಂದೆ. ಅವರ ಮುಖ ಸಣ್ಣದಾಯಿತು. ಮೆತ್ತಗೆ ಅಂದರು: “ನೋಡಿ ಅಮ್ಮಾ, ತಿಂದಿದ್ದು ಏನು ಅಂತ ಗೊತ್ತಿಲ್ಲದೆ ನಾನು ಏನೂ ಹೇಳೋ ಹಾಗಿಲ್ಲ. ಜನರ ನಡುವೆ ಇದನ್ನ ವಾಪಸ್ ಕಳಿಸೋದು ಕಷ್ಟ. ನೀವು ಒಪ್ಪಿದ್ರೆ ನೋವಾಗದ ಹಾಗೆ ಮಲಗಿಸಿಬಿಡ್ತೀನಿ.”

 ನನ್ನ ಹಿಂದಿನಿಂದ ಅತ್ತೆಯ ದನಿ ಕೇಳಿತು.

“ಮಲಗಿಸಬೇಡಿ ಡಾಕ್ಟ್ರೇ. ನಾನು ಅದಕ್ಕೆ ಅಡಿಕೆ ಪುಡಿ ತಿನ್ನಿಸಿದೀನಿ.”

ನಾನು ತಿರುಗಿ ನೋಡಿದೆ. ಅತ್ತೆ ಮರದ ಬೊಡ್ಡೆಗೆ ಕೈ ಕೊಟ್ಟು ನಿಂತಿದ್ದರು. ಡಾಕ್ಟರು ಎರಡು ಹೆಜ್ಜೆ ಮುಂದೆ ಬಂದು “ಅಡಿಕೆನಾ? ಯಾಕೆ?” ಅಂದರು.

“ಜಂತು ಆಗಿತ್ತು ಅದಕ್ಕೆ. ದಿನಾ ಅಂಗಳದಲ್ಲಿ ಕುಂಡಿ ಉಜ್ಜುತ್ತಿತ್ತು, ತಿಂದಿದ್ದು ಮೈಗೆ ಹತ್ತುತ್ತಿರಲಿಲ್ಲ. ಇವಳಿಗೆ ಕೆಲಸದ ಗಡಿಬಿಡಿ, ನಾನು ಜಗುಲಿ ಮೇಲೆ ಕೂತೋಳು ನೋಡ್ತಿದ್ದೆ. ನಮ್ಮೂರಲ್ಲಿ ಕರುಗಳಿಗೆ ಜಂತು ಬಿದ್ರೆ ಅಡಿಕೆ ಕುಟ್ಟಿ ಬೆಲ್ಲದಲ್ಲಿ ಉಂಡೆ ಮಾಡಿ ಕೊಡ್ತೀವಿ. ಹಂಗೇ ಮಾಡಿ, ಬೆಳಿಗ್ಗೆ ಪೂಜೆಗೆ ಮುಂಚೆ ಬಾಯಿಗಿಟ್ಟೆ.”

“ಎಷ್ಟು ಕೊಟ್ರಿ ಅಜ್ಜೀ?”

ಅತ್ತೆ ಅಂಗೈ ಕುಳಿ ಮಾಡಿ ತೋರಿಸಿದರು. “ಕರುವಿಗೆ ಕೊಡೋವಷ್ಟು.”

“ಬೇಯಿಸಿದ ಕೆಂಪಡಿಕೆನಾ?”

“ಅಲ್ಲ, ಬೇಯಿಸದೆ ಒಣಗಿಸಿದ್ದು. ಔಷಧಕ್ಕೆ ಅದೇ ಬೇಕು.”

“ಅಯ್ಯೋ ಅಜ್ಜೀ, ಅದು ಕರುವಿಗೇ ಜಾಸ್ತಿ! ಬೇಯಿಸದ ಅಡಿಕೆ ಅಷ್ಟು ಹೋದ್ರೆ ನಾಯಿಗೆ ವಾಂತಿ, ಜೊಲ್ಲು, ನಡುಕ ಎಲ್ಲ ಬರುತ್ತೆ!” ಅಂದವರೇ ಡಾಕ್ಟರು ಒಳಗೆ ಓಡಿದರು. ಅವರ ಮುಖದಲ್ಲಿ ಬೆಳಕು ಬಂದಿದ್ದನ್ನು ನಾನು ಕಂಡೆ. ನಾನು ಅತ್ತೆಯ ತೋಳು ಹಿಡಿದು ಅಲುಗಿಸಿದೆ. “ಮನೇಲೇ ಯಾಕೆ ಹೇಳಲಿಲ್ಲ ಅತ್ತೆ? ಅಷ್ಟು ಜನ ಬಾಗಿಲಲ್ಲಿ ನಿಂತಿದ್ರಲ್ಲ!”

“ಏನಂತ ಹೇಳ್ಲಿ? ಮುದುಕಿಗೆ ನಾಯಿ ಕಂಡ್ರೆ ಆಗಲ್ಲ ಅಂತ ಊರಿಗೆಲ್ಲ ಗೊತ್ತು. ವಿಷ ಹಾಕಿ ಕೊಂದ್ಲು ಅಂತಿದ್ರು. ನೀನೂ ಅಂತಿದ್ದೆ.”

ಅಂತಿದ್ದೆನೋ ಏನೋ. ಹೇಳಲಾರೆ. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಮಾವ ತೀರಿಕೊಂಡ ದಿನ ಬಿಟ್ಟರೆ ನಾನು ಅವರ ಕಣ್ಣಲ್ಲಿ ನೀರು ನೋಡಿರಲಿಲ್ಲ.

ಡಾಕ್ಟರು ರಾಣಿಗೆ ಇಂಜೆಕ್ಷನ್ ಕೊಟ್ಟು, ಕೂತು ನೋಡ್ತಿರಿ ಅಂದರು. ನಾವಿಬ್ಬರೂ ನೆಲದ ಮೇಲೆ ಕೂತು ಒಂದು ನಾಯಿಯ ಬಾಯನ್ನು ನೋಡಿದೆವು. ಅಷ್ಟು ಗಮನ ಕೊಟ್ಟು ನಾನು ಯಾವ ದೇವರನ್ನೂ ನೋಡಿಲ್ಲ. ಮೊದಮೊದಲು ಏನೂ ಬದಲಾಗಲಿಲ್ಲ. ಆಮೇಲೆ ಜೊಲ್ಲಿನ ಎಳೆ ತೆಳುವಾಯಿತು, ತುಂಡಾಯಿತು, ದವಡೆ ಒಣಗಿತು. ಕಾಲಿನ ನಡುಕ ನಿಂತಿತು. ಬಿಸಿಲು ಮರದ ಇನ್ನೊಂದು ಕಡೆಗೆ ಸರಿದಾಗ ರಾಣಿ ತಲೆ ಎತ್ತಿ, ಎಮ್ಮೆಯ ಹೆಂಗಸು ಇಟ್ಟಿದ್ದ ನೀರನ್ನು ಲೊಚಲೊಚ ಅಂತ ಕುಡಿದಳು. ನಾನು ಅಷ್ಟು ಜನರೆದುರಿಗೆ ಗಟ್ಟಿಯಾಗಿ ಅತ್ತುಬಿಟ್ಟೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು: “ನನಗೆ ಅನ್ನಿಸೋದು ಅಡಿಕೆಯದೇ ಕೆಲಸ. ಆದ್ರೂ ಗಾಯಕ್ಕೆ ಜೊಲ್ಲು ತಾಗಿದೆ, ಈ ರೋಗದ ವಿಷಯದಲ್ಲಿ ಅಂದಾಜಿನ ಮೇಲೆ ಕೂರಬಾರದು. ನಾಯೀನ ಹತ್ತು ದಿನ ಕಟ್ಟಿ ನೋಡಿ. ಅಷ್ಟು ದಿನ ಚೆನ್ನಾಗಿದ್ರೆ ಹುಚ್ಚಲ್ಲ ಅಂತ ಖಾತ್ರಿ. ಅಲ್ಲೀವರೆಗೆ ನೀವು ದಿನಾ ಸೂಜಿ ಹಾಕಿಸ್ಕೊಳ್ಳಿ.” ಆಗಿನ ಕಾಲದಲ್ಲಿ ಆ ಸೂಜಿ ಅಂದರೆ ಹೊಕ್ಕುಳ ಸುತ್ತ ಹೊಟ್ಟೆಗೆ. ಹೆಸರು ಕೇಳಿದರೇ ಜನ ಮೈ ಕೊಡವುತ್ತಿದ್ದರು.

“ನನ್ನ ಬೆರಳಿಗೂ ಹಲ್ಲು ತಾಗಿದೆ, ಉಂಡೆ ಒಳಗೆ ತುರುಕುವಾಗ” ಅಂದರು ಅತ್ತೆ.

“ಹಾಗಾದ್ರೆ ನಿಮಗೂ ಬೇಕು ಅಜ್ಜೀ.”

“ಹಾಕ್ಲಿ ಬಿಡಿ. ನನ್ನ ಹೊಟ್ಟೇಲಿ ಜಾಗ ಬೇಕಾದಷ್ಟಿದೆ.”

ವಾಪಸ್ ಬಂದಾಗ ನಮ್ಮ ಗೇಟಿನ ಮುಂದೆ ಬೆಳಿಗ್ಗೆಗಿಂತ ಹೆಚ್ಚು ಜನ ಇದ್ದರು. ಶಿಫ್ಟ್ ಮುಗಿಸಿ ಬಂದ ಯಜಮಾನರು ಅವರ ನಡುವೆ ತಲೆ ತಗ್ಗಿಸಿ ನಿಂತಿದ್ದರು. “ಏನೇ ಇದು ಗಿರಿಜಾ, ಒಂದು ನಾಯಿಗೋಸ್ಕರ ಊರೆಲ್ಲ ಎದುರು ಹಾಕ್ಕೊಂಡು...” ಅಂತ ಶುರು ಮಾಡಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಲಗೇಜ್ ಆಟೋದ ಮೇಲೇ ಎದ್ದು ನಿಂತರು.

“ಅದಕ್ಕೆ ಹುಚ್ಚು ಹಿಡಿದಿಲ್ಲ. ಜಂತಿಗೆ ಅಂತ ನಾನು ಅಡಿಕೆ ಪುಡಿ ಕೊಟ್ಟಿದ್ದೆ, ಅಳತೆ ತಪ್ಪಿತು. ಕೇಳಿಸ್ತಾ ಎಲ್ಲರಿಗೂ? ಇನ್ನೊಂದ್ಸಲ ಹೇಳ್ಲಾ?”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ “ಮುದುಕಿ ಬೇಕಂತಲೇ ಹಾಕಿರಬೇಕು” ಅಂದಿದ್ದು ನನ್ನ ಕಿವಿಗೆ ಬಿತ್ತು, ಅತ್ತೆಯ ಕಿವಿಗೂ ಬಿದ್ದಿತು. ಅವರು ಕದಲಲಿಲ್ಲ. ನಂಜುಂಡಪ್ಪನವರು ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಒತ್ತರಿಸಿಕೊಂಡು, “ಅಡಿಕೆ ತಿಂದ್ರೆ ಹಿಂಗಾಗೋದಾದ್ರೆ ಈ ಜಿಲ್ಲೇಲಿ ಯಾರೂ ಉಳೀತಿರಲಿಲ್ಲ ಅಜ್ಜೀ. ಸೊಸೆ ಮೇಲಿನ ಪ್ರೀತಿಗೆ ಏನೇನೋ ಹೇಳಬೇಡಿ. ಅಡಿಕೆದೇ ಅಂತ ಡಾಕ್ಟ್ರು ಗ್ಯಾರಂಟಿ ಕೊಟ್ರಾ?” ಅಂದರು.

ಗ್ಯಾರಂಟಿ ಕೊಟ್ಟಿರಲಿಲ್ಲ. ಸುಳ್ಳು ಹೇಳುವುದು ನನಗೆ ಬೇಕಿರಲಿಲ್ಲ. “ಹತ್ತು ದಿನ ಕಟ್ಟಿ ನೋಡಿ ಅಂದಿದ್ದಾರೆ. ಸರಪಳಿ ಹಾಕಿ ನಮ್ಮ ಕಾಂಪೌಂಡೊಳಗೆ ಕಟ್ತೀನಿ, ಗೇಟಿಗೆ ಬೀಗ ಹಾಕ್ತೀನಿ. ಅದರ ಜೊಲ್ಲು ಮುಟ್ಟಿದವರು ನಾವಿಬ್ಬರೇ. ನಾವಿಬ್ಬರೂ ದಿನಾ ಹೋಗಿ ಹೊಟ್ಟೆಗೆ ಸೂಜಿ ಹಾಕಿಸ್ಕೊಂಡು ಬರ್ತೀವಿ. ನೀವು ದಿನಾ ಬಂದು ಬೇಲಿ ಆಚೆಯಿಂದ ನೋಡಿ. ಸತ್ರೆ ನೀವು ಹೇಳಿದ್ದೇ ನಿಜ ಅಂತ ನಾನೇ ಒಪ್ಕೊಳ್ತೀನಿ. ಬದುಕಿದ್ರೆ ಈ ಲೈನಲ್ಲಿ ಯಾರೂ ಇದರ ಮೇಲೆ ಕೈ ಎತ್ತಬಾರದು” ಅಂದೆ.

“ಅಮ್ಮಾ, ನೀವೂನಾ? ಈ ವಯಸ್ಸಲ್ಲಿ ಹೊಟ್ಟೆಗೆ ಸೂಜಿನಾ?” ಅಂದರು ಯಜಮಾನರು.

“ನಿನ್ನ ಹೆತ್ತ ಹೊಟ್ಟೆ ಕಣೋ ಇದು. ಸೂಜಿಗೆ ಹೆದರುತ್ತಾ?” ಅಂತ ಅತ್ತೆ ಮಗನ ಹೆಗಲ ಮೇಲೆ ಕೈಯಿಟ್ಟು ಕೆಳಗಿಳಿದರು. ಅಲ್ಲಿಗೆ ಜನ ಗೊಣಗುತ್ತ ಚದುರಿದರು.

ಆ ದಿನಗಳನ್ನು ನೆನೆದರೆ ಈಗಲೂ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತದೆ. ಬೆಳಿಗ್ಗೆ ಸಿಟಿ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂರುವುದು. ಅಲ್ಲಿ ನಮ್ಮಂಥವರೇ ಸಾಲಾಗಿ ಕೂತಿರುತ್ತಿದ್ದರು, ಕೋತಿ ಕಚ್ಚಿದವರು, ಬೆಕ್ಕು ಪರಚಿದವರು. ನಿಮಗೆ ಯಾವ ನಾಯಿ ಕಚ್ತು ಅಂತ ಕೇಳಿದರೆ ಅತ್ತೆ, “ಯಾವುದೂ ಕಚ್ಚಿಲ್ಲ. ನಾವೇ ಅದರ ಬಾಯಿಗೆ ಕೈ ಹಾಕಿದ್ದು” ಅನ್ನುತ್ತಿದ್ದರು.  ಮೊದಲ ದಿನ ನರ್ಸಮ್ಮನ ಮುಂದೆ ಸೀರೆ ಸಡಿಲಿಸಲು ಅತ್ತೆಗೆ ಜೀವ ಹೋದಷ್ಟು ನಾಚಿಕೆಯಾಗಿತ್ತು. ಮೂರನೆಯ ದಿನಕ್ಕೆ “ಈ ಕಡೆ ಬಾತುಕೊಂಡಿದೆ, ಆ ಕಡೆ ಚುಚ್ಚಮ್ಮ” ಅಂತ ಅವರೇ ಜಾಗ ತೋರಿಸುವಂತಾದರು. ಆ ಔಷಧ ಒಳಗೆ ಹೋಗುವಾಗ ಉರಿ ಅಂದರೆ ಉರಿ. ಆಮೇಲೆ ಗಟ್ಟಿ ಗಂಟಾಗುತ್ತಿತ್ತು. ಸೀರೆಯ ಗಂಟು ಎಲ್ಲಿ ಕಟ್ಟುವುದು ಅನ್ನುವುದೇ ದೊಡ್ಡ ಯೋಚನೆ. ಮನೆಗೆ ಬಂದು ಅತ್ತೆ ಸೊಸೆ ಇಬ್ಬರೂ ಚಾಪೆ ಹಾಸಿ ಅಂಗಾತ ಮಲಗಿ, ಒಬ್ಬರ ಗೋಳಿಗಿಂತ ಇನ್ನೊಬ್ಬರದು ಹೆಚ್ಚು ಅಂತ ಜಗಳ ಮಾಡುತ್ತಿದ್ದೆವು. ಸೆಲ್ವಿ ಗೋಡೆಯ ಆಚೆಯಿಂದ ರಸಂ ಕೊಡುತ್ತಿದ್ದಳು. ಯಜಮಾನರು ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೆಯ ದಿನದಿಂದ ಅನ್ನಕ್ಕೆ ಇಡಲು ಕಲಿತರು.

ಧೈರ್ಯವಾಗಿದ್ದೆ ಅಂತ ನಾನು ಹೇಳುವುದಿಲ್ಲ. ಹೊರಗೆ ಜೋರು, ಒಳಗೆ ಪುಕ್ಕಲು. ತಲೆ ನೋವು ಬಂದರೆ ಶುರುವಾಯಿತು ಅನ್ನಿಸುತ್ತಿತ್ತು. ಲೋಟದ ನೀರು ಎತ್ತಿದಾಗ ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಅಂತ ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಎದ್ದ ಕೂಡಲೆ ಮುಖವನ್ನೂ ತೊಳೆಯದೆ ರಾಣಿಯ ಬೋಗುಣಿ ನೋಡಲು ಓಡುತ್ತಿದ್ದೆ. ನೀರು ಕಡಿಮೆಯಾಗಿದ್ದರೆ ಆ ದಿನ ಗೆದ್ದ ಹಾಗೆ. ಮಧ್ಯೆ ಒಂದು ದಿನ ಅವಳು ಮತ್ತೆ ವಾಂತಿ ಮಾಡಿದಳು. ನಾನು ಅಲ್ಲೇ ಕುಸಿದು ಕೂತೆ. ಅತ್ತೆ ಜಗುಲಿಯಿಂದ ಇಳಿದು ಬಂದು, ವಾಂತಿಯನ್ನು ಕಡ್ಡಿಯಿಂದ ಕೆದಕಿ ನೋಡಿ, “ಜಂತು ಬಿದ್ದಿದೆ ನೋಡು! ನನ್ನ ಔಷಧ ಕೆಲಸ ಮಾಡಿದೆ!” ಅಂದರು. ಆ ಹೆಂಗಸಿನ ಹಟಕ್ಕೆ ಅಳಬೇಕೋ ನಗಬೇಕೋ ಗೊತ್ತಾಗದೆ ಎರಡೂ ಮಾಡಿದೆ.

ನಂಜುಂಡಪ್ಪನವರು ಮಾತಿನಂತೆ ದಿನಾ ಬರುತ್ತಿದ್ದರು. ಬೇಲಿಯ ಆಚೆ ನಿಂತು ರಾಣಿಯನ್ನು ನೋಡುವುದು, ಹೋಗುವುದು. ಒಂದು ದಿನ ಮಾತ್ರ, “ಅಡಿಕೆದೇ ಅಂತ ಅಷ್ಟು ನಂಬಿಕೆ ಇದ್ರೆ ಸೂಜಿ ಯಾಕಮ್ಮ ಹಾಕಿಸ್ಕೊಳ್ತೀರಿ?” ಅಂತ ಚುಚ್ಚಿದರು. “ನಂಬಿಕೆ ನನ್ನದು, ಜಾಗ್ರತೆ ಡಾಕ್ಟ್ರದು. ಎರಡೂ ಇರ್ಲಿ ಬಿಡಿ” ಅಂದೆ. ಅವರ ಮೇಲೆ ನನಗೆ ಆಗಲೂ ದ್ವೇಷ ಇರಲಿಲ್ಲ. ಆ ಮಗುವನ್ನು ನಾನು ನೋಡಿದ್ದರೆ ನಾನೂ ದೊಣ್ಣೆ ಹಿಡಿಯುತ್ತಿದ್ದೆನೋ ಏನೋ.

ಕೊನೆಗೂ ಆ ಹತ್ತು ದಿನ ಕಳೆಯಿತು. ಆಸ್ಪತ್ರೆಯಲ್ಲಿ ನಾಯಿ ಹೇಗಿದೆ ಅಂತ ಕೇಳಿದರು. “ಸರಪಳಿ ಕಡೀತಿದೆ, ಊಟ ಸಾಲಲ್ಲ ಅಂತಿದೆ” ಅಂದೆ. ಇನ್ನು ಸೂಜಿ ಬೇಡ, ಹೋಗಿ ಅಂದರು. ಅತ್ತೆ ಆ ನರ್ಸಮ್ಮನಿಗೆ ಕೈ ಮುಗಿದು, ಬಸ್ಸಿಗೂ ಕಾಯದೆ ಆಟೋ ಹಿಡಿ ಅಂದರು.

ಗೇಟಿನ ಬೀಗ ತೆಗೆಯುತ್ತಿದ್ದಾಗ ನಂಜುಂಡಪ್ಪನವರು ಬೇಲಿಯ ಹತ್ತಿರ ನಿಂತಿದ್ದರು. ಒಳಗೆ ರಾಣಿ ನಮ್ಮನ್ನು ಕಂಡು ಸರಪಳಿ ಎಳೆದಾಡಿ ಕುಣಿಯುತ್ತಿದ್ದಳು. ಅವರು ಅವಳನ್ನೇ ನೋಡಿದರು, ಆಮೇಲೆ ನಗುತ್ತ, ಕೆಟ್ಟ ಮನಸ್ಸೇನೂ ಇಲ್ಲದೆ ಅಂದರು:

“ಅಂತೂ ಏನೂ ಇರಲಿಲ್ಲ. ದಂಡಕ್ಕೆ ಹೊಟ್ಟೆ ಚುಚ್ಚಿಸ್ಕೊಂಡ್ರಲ್ಲ ಅಜ್ಜೀ.”

ಅತ್ತೆ ನಿಂತರು. ಒಂದು ಕೈ ಹೊಟ್ಟೆಯ ಮೇಲಿತ್ತು.

“ನಿಜ ಏನು ಅಂತ ನಾನು ಆವತ್ತೇ ಆಟೋ ಮೇಲೆ ನಿಂತು ಹೇಳ್ದೆ. ನೀವ್ಯಾರೂ ನಂಬಲಿಲ್ಲ, ನಕ್ರಿ. ಮುದುಕಿ ದಿನಾ ಹೋಗಿ ಹೊಟ್ಟೆ ಚುಚ್ಚಿಸ್ಕೊಂಡು ಬರೋದು ನೋಡಿ ಸುಮ್ಮನಾದ್ರಿ. ನಾವು ಹಂಗೆ ಹೋಗದೆ ಇದ್ದಿದ್ರೆ ಇದನ್ನ ಇವತ್ತಿನವರೆಗೆ ಬಿಟ್ಟಿರ್ತಿದ್ದೇನಪ್ಪ ನೀನು? ಹೇಳು.”

ನಂಜುಂಡಪ್ಪನವರ ನಗು ನಿಂತಿತು. ನೆಲ ನೋಡಿದರು. ಸುಳ್ಳು ಹೇಳುವ ಮನುಷ್ಯ ಅವರಲ್ಲ.

“ಇಲ್ಲ ಅಜ್ಜೀ,” ಅಂದರು.

“ಹಂಗಾದ್ರೆ ದಂಡ ಅನ್ನಬೇಡ” ಅಂದು ಅತ್ತೆ ಒಳಗೆ ಹೋಗಿ, ನೋವಿಗೆ ಹಲ್ಲು ಕಚ್ಚಿ ಬಗ್ಗಿ, ಸರಪಳಿ ಬಿಚ್ಚಿದರು.